ಕೆರೆದ ಜಾಗದಲ್ಲಿ ಕೆತ್ತಿದ ಹೆಸರು

ಒಳಗೆ ಯಾರ ಹೆಸರನ್ನೂ ಹೇಳಕೂಡದು, ಬರೆಯಲಂತೂ ಕೂಡದು ಎಂದು ಬದಾವಿ ಅಳಿಯನಿಗೆ ಮೂರು ಸಲ ಹೇಳಿದ್ದ. ಹಳೆಯ ಗೋರಿಗಳ ಮೇಲೇ ಊರು ಕಟ್ಟಿಕೊಂಡ ಗುರ್ನಾ ಗುಡ್ಡದಲ್ಲಿ ಬದಾವಿಯ ಮನೆಯ ಒಲೆಯ ಹಿಂದೆ ಒಂದು ಗುಂಡಿ; ಅದರ ತಳದಲ್ಲಿ ಪುರಾತನ ಮಹಾಪುರೋಹಿತನೊಬ್ಬನ ಗೋರಿ. ಶತ್ರುಗಳು ಅವನ ಹೆಸರನ್ನು ಗೋಡೆಯಿಂದ ಕೆರೆದು ಹಾಕಿದ್ದರು. ಹೆಸರಿಲ್ಲದ ಹೆಣಕ್ಕೆ ಪರಲೋಕವೂ ಬಾಗಿಲು ತೆರೆಯುವುದಿಲ್ಲ. ಯಾರದಾದರೂ ಹೆಸರು ಸಿಕ್ಕೀತೆಂದು ಕಾದು ಕೂತಿದ್ದಾನೆ. ಅದಕ್ಕೇ ಕೆಳಗಿಳಿದ ಗುರ್ನಾದವರು ಒಬ್ಬರನ್ನೊಬ್ಬರು 'ಲೇ', 'ಏಯ್' ಎಂದಷ್ಟೇ ಕೂಗುತ್ತಾರೆ.

ಅಳಿಯ ರಿಫಾತ್ ನಕ್ಕ. ಕೈರೋದ ಸ್ಮಶಾನದಲ್ಲಿ ಹನ್ನೆರಡು ವರ್ಷ ಗೋರಿಕಲ್ಲಿಗೆ ಹೆಸರು ಕೆತ್ತಿದವನು. ಅನಾಥ. ಬಸುರಿ ಹೆಂಡತಿ ಸಬಾಹಳನ್ನು ಬಿಟ್ಟರೆ ಭೂಮಿಯ ಮೇಲೆ ಅವನಿಗೆ ತನ್ನವರಿಲ್ಲ.

"ಸಾವಿರ ಹೆಣಕ್ಕೆ ಹೆಸರು ಹಾಕಿದೀನಿ ಮಾವ. ಒಂದೂ ಎದ್ದು ಬಂದು ಸಲಾಂ ಹೊಡೀಲಿಲ್ಲ."

"ಅವರಿಗೆ ಹಾಕಿದ್ದು ಅವರವರ ಹೆಸರು ಕಣಪ್ಪ."

ಗೋಡೆಯ ಚಿತ್ರದ ಮುಖ ಕೊಯ್ದು ತಂದು ಮಾರಲೆಂದು ರಿಫಾತ್ ಮಟಮಟ ಮಧ್ಯಾಹ್ನ ಇಳಿದ. ಬಾವಲಿ ಹಿಕ್ಕೆಯ ಘಾಟು. ಅದರಡಿಯಲ್ಲಿ ಸಿಹಿಸಿಹಿಯಾದ, ಹೆಣಕ್ಕೆ ಬಳಿದು ಹಳಸಿದ ರಾಳದ ವಾಸನೆ. ಗೋಡೆಯಲ್ಲಿ ಬೋಳುತಲೆಯ ಪುರೋಹಿತ, ಹೆಗಲಿಗೆ ಚಿರತೆ ಚರ್ಮ. ತಲೆಯ ಮೇಲ್ಗಡೆ, ಹೆಸರಿದ್ದಲ್ಲಿ, ಗಾಯದಂತೆ ಕೆರೆದ ಬರಿಜಾಗ. ಕಲ್ಲಿನಲ್ಲಿ ಬರಿಜಾಗ ಕಂಡರೆ ರಿಫಾತನ ಕೈ ಸುಮ್ಮನಿರದು. ಹೆಸರು ಬೇಕೇನೋ ಮುದುಕ, ತಗೋ ನಂದೇ ಎಂದು ಉಳಿಯಿಟ್ಟ. ಮುತ್ತಿನಂತೆ ಕೆತ್ತಿದ. ಸೊಕ್ಕಿನವನ ಕೈಯಲ್ಲಿ ಅಕ್ಷರವೇನೋ ಚೆಂದವೇ ಬರುತ್ತದೆ.

ದೀಪ ಕುಗ್ಗಿತು. ಉಳಿ ನಿಂತಿತ್ತು. ಆದರೂ ಟಕ್. ಟಕ್. ಗೋಡೆಯೊಳಗಿನಿಂದ. ಯಾರೋ ಓದುತ್ತಿದ್ದರು. ಒಣಗಿದ ನಾಲಿಗೆ. ಒಂದೊಂದೇ ಅಕ್ಷರ. ರಿ. ಫಾ. ತ್. ದೀಪ ಆರಿತು. ಕತ್ತಲು ಉಸಿರೆಳೆಯಿತು. ಓಡಿದ. ಬಿದ್ದ. ಮೊಣಕಾಲು ಒಡೆಯಿತು. ಹತ್ತಿದ.

ಮೇಲೆ ಸಬಾಹ ರೊಟ್ಟಿ ತಟ್ಟುತ್ತಿದ್ದಳು. ಅವನನ್ನು ಕಂಡದ್ದೇ, ಪರಗಂಡಸಿನೆದುರು ಎಳೆದುಕೊಳ್ಳುವಂತೆ ತಲೆವಸ್ತ್ರ ಮುಂದಕ್ಕೆಳೆದುಕೊಂಡಳು.

"ಅಪ್ಪಾ, ಇವನ್ಯಾರು?"

ಹೆಸರು ಹೇಳಲು ಬಾಯಿ ತೆರೆದ. ಬಾಯಲ್ಲಿ ಏನೂ ಇರಲಿಲ್ಲ.

ಹಿಂದೆಯೇ ಗುಂಡಿಯಿಂದ ಇನ್ನೊಬ್ಬ ಹತ್ತಿ ಬಂದ. ಅದೇ ಮುಖ, ಅದೇ ಅಂಗಿ, ಕೈಯಲ್ಲಿ ಅದೇ ಉಳಿ. ಮೈಯಿಂದ ರಾಳದ ವಾಸನೆ. ಸಬಾಹಳ ಮುಖ ಅರಳಿತು.

"ಬಾ ರಿಫಾತ್, ಚಹಾ ಆರಿಹೋಯ್ತು."

ಬದಾವಿ ಇಬ್ಬರನ್ನೂ ನೋಡಿದ. ಅವನೊಬ್ಬನಿಗೆ ತಿಳಿಯಿತು. ಹೆಸರಿಲ್ಲದವನ ರಟ್ಟೆ ಹಿಡಿದು ಗುಂಡಿಯ ಬಾಯಿಗೆ ಎಳೆದೊಯ್ದು, ಕಿವಿಯಲ್ಲಿ ಮೆಲ್ಲಗೆ ಹೇಳಿದ.

"ಹುಟ್ಟೋ ಮಗೂಗೆ ಅಪ್ಪನ ಹೆಸರು ಬೇಕು ಕಣಪ್ಪ. ಅದೀಗ ಅವನ ಹತ್ರ ಇದೆ."

ತಳ್ಳಿದ.

ರೊಟ್ಟಿ ಬೇಯುವಷ್ಟರಲ್ಲಿ ಗುಂಡಿಯ ಬಾಯಿಗೆ ಇಟ್ಟಿಗೆ ಬಿತ್ತು. ಒಂದೊಂದೇ ಇಟ್ಟಿಗೆ ಎತ್ತಿಕೊಟ್ಟವನು ಹೊಸ ಅಳಿಯ. ಕೆಳಗಿನಿಂದ ಕೂಗು ಬರುತ್ತಲೇ ಇತ್ತು. ಯಾರದು ಒಳಗೆ ಎಂದು ಸಬಾಹ ಕೇಳಿದಳು.

ಗಂಡ ರೊಟ್ಟಿ ಮುರಿದ. ಸಾವಿರಾರು ವರ್ಷದ ಹಸಿವು.

"ಯಾರೂ ಅಲ್ಲ," ಎಂದ.