ಕೆಂಪು ಬಟ್ಟೆಯ ಗೂಟಗಳು

"ರೀ ಸಾರ್! ಓಡ್ರಿ! ಟಗರು ಬಂತು!"

ಹರ್ಷವರ್ಧನ ಓಡಲಿಲ್ಲ. ಮೂರು ಕಾಲಿನ ಅಳತೆ ಯಂತ್ರವನ್ನು ತಬ್ಬಿಕೊಂಡು ನಿಂತುಬಿಟ್ಟ. ಮರುಕ್ಷಣ ಅವನು ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಅಂಗಾತ, ಯಂತ್ರ ಅವನ ಎದೆಯ ಮೇಲೆ!

ಮೀನಾ ಟಗರಿನ ಕೊಂಬು ಹಿಡಿದೆಳೆದಳು. ನಗಬಾರದು ಅಂದುಕೊಂಡಳು. ಆದರೂ ನಗು ಉಕ್ಕಿ ಬಂತು.

"ಪೆಟ್ಟಾತೇನ್ರಿ?"

"ಇಲ್ಲ ಮಾರಾಯ್ರೆ, ಯಂತ್ರಕ್ಕೆ ಏನೂ ಆಗಿಲ್ಲ."

"ನಾ ಕೇಳಿದ್ದು ನಿಮಗೆ!"

ಅವನು ತಲೆಯೆತ್ತಿ ಅವಳನ್ನು ನೋಡಿದ. ನೋಡುತ್ತಲೇ ಇದ್ದ.

'ಇದೇನಿದು... ಬಿದ್ದವನು ಅವನು, ಎದೆ ಬಡ್ಕೊಳ್ತಿರೋದು ನಂದಾ?'

ಹರ್ಷ ಸೊರಬದ ಹೊಸಬಾಳೆಯವನು. ಗೂಡ್ಸ್ ರೈಲುಗಳಿಗೆಂದೇ ಹೊಸ ಬೈಪಾಸ್ ದಾರಿ ಹುಡುಕುತ್ತಿದ್ದ ಸರ್ವೆ ತಂಡದ ಎಂಜಿನಿಯರ್. ಗೂಡ್ಸ್ ಗಾಡಿಗಳು ಈ ಕಡೆ ಬಂದರೆ ಹಳೆಯ ಹಳಿ ಪ್ಯಾಸೆಂಜರ್ ರೈಲುಗಳಿಗೆ ಬಿಡುವಾಗುತ್ತದೆ ಎಂದು ಅವನು ವಿವರಿಸಿದಾಗ ಮೀನಾಳ ಮುಖ ಸಪ್ಪಗಾಯಿತು.

"ಗೂಡ್ಸ್ ದಾಟ್ಲಿ ಅಂತ ಒಂದ್ಸಲ ನಮ್ ರೈಲು ದಾರೀಲೇ ನಿಂತ್ಬಿಟ್ಟಿತ್ರಿ. ಟೀಚರ್ ಕೆಲಸದ ಸಂದರ್ಶನ ತಪ್ಪಿಹೋತು."

"ಇನ್ನೊಬ್ರಿಗೆ ಹಂಗಾಗ್ಬಾರ್ದು ಅಂತಾನೇ ಹೊಸ ದಾರಿ ಗುರುತಿಗೆ ಈ ಗೂಟ ಹೊಡೀತಿರೋದು."

ಅಂದಿನಿಂದ ಅವಳ ಮನೆಯ ಮಜ್ಜಿಗೆ ಹೊಲಕ್ಕೆ ಬರತೊಡಗಿತು. "ಈ ಎಂಜಿನಿಯರಿಗೆ ಕೆಲಸಕ್ಕಿಂತ ಬಾಯಾರಿಕೀನೇ ಜಾಸ್ತಿ!" ಎಂದು ಅವಳಪ್ಪ ಸಣ್ಣಬೀರಪ್ಪ ಗೊಣಗುತ್ತಿದ್ದ.

ಮೀನಾಳಿಗೆ ಒಂದೇ ಅಳುಕು. ಹೊಲದ ಅಂಚಿಗೆ ಅಜ್ಜ ಕಟ್ಟಿದ ಕುರಿದೊಡ್ಡಿ. ಅವಳು ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿಗಳೆಲ್ಲ ಅಲ್ಲೇ ಮಲಗುತ್ತಿದ್ದವು.

"ನಮ್ ದೊಡ್ಡಿ ಉಳಿತೈತಲ್ರೀ?"

"ನಕ್ಷೆಗೆ ಒಪ್ಪಿಗೆ ಸಿಗೋ ತನಕ ನಾನು ಬಾಯಿ ಬಿಡಂಗಿಲ್ಲ ಮೀನಾ."

ಅವನ ನಗುವನ್ನೇ ನಂಬಿ ಅವಳು ಸುಮ್ಮನಾದಳು.

ಆದರೆ ಒಂದು ಬೆಳಿಗ್ಗೆ ಅಂಗಳಕ್ಕೆ ಬಂದವಳು ಅಲ್ಲೇ ನಿಂತಳು. ಪಕ್ಕದ ಬಂಗಾರಪ್ಪನ ಹೊಲದಿಂದ ಕೆಂಪು ಬಟ್ಟೆ ಕಟ್ಟಿದ ಗೂಟಗಳ ಸಾಲು ನೇರವಾಗಿ ಬಂದಿತ್ತು. ಕೊನೆಯ ಗೂಟ ದೊಡ್ಡಿಯ ಬಾಗಿಲಲ್ಲೇ!

ಹರ್ಷ ಜೀಪಿನಿಂದ ಇಳಿಯುತ್ತಿದ್ದಂತೆ ಅವಳು ಸಿಡಿದಳು.

"ನಮ್ ಮನೆ ಮಜ್ಜಿಗೆ ಕುಡ್ದು ನಮ್ ದೊಡ್ಡಿಗೇ ಗೂಟ ಹೊಡೆದ್ರಲ್ಲ! ನಾಚಿಕೆ ಆಗಲ್ವೇನ್ರಿ?"

ಅವನು ಗೂಟಗಳನ್ನು ನೋಡಿದ, ನೆಲವನ್ನು ನೋಡಿದ. "ಮೀನಾ, ಇಲ್ಲಿ ಕೇಳಿ..."

"ಏನೂ ಕೇಳಲ್ಲ! ಇನ್ನೊಂದ್ಸಲ ನಮ್ ಅಂಗಳಕ್ಕೆ ಕಾಲಿಡ್ಬೇಡ್ರಿ!"

"ಸರ್ವೆ ಇವತ್ತಿಗೆ ಮುಗೀತದೆ. ಸಂಜೆ ಶಿವಮೊಗ್ಗಕ್ಕೆ ಹೊರಡ್ತಿದೀನಿ," ಎಂದಷ್ಟೇ ಹೇಳಿ ಅವನು ತಿರುಗಿ ನಡೆದ.

ಅವಳು ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಿಗಾಗಿ ಅತ್ತಳೋ, ಅವನಿಗಾಗಿ ಅತ್ತಳೋ... ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಸಣ್ಣಬೀರಪ್ಪ ಉಣ್ಣಲು ಕೂತವನು ಹೆಮ್ಮೆಯಿಂದ ಹೇಳಿದ.

"ನಿನ್ನೆ ಬಂಗಾರಪ್ಪ ಗೊಬ್ಬರಕ್ಕಂತ ರಾತ್ರಿಯೆಲ್ಲ ಹೊಲದಾಗ ನಮ್ ಕುರಿ ತರುಬಿ ಮಲಗ್ಸಿದ್ನಲ್ಲ, ಸುತ್ತ ಬಲೆ ಕಟ್ಟಾಕೆ ಗೂಟ ಸಾಲ್ಲಿಲ್ಲ. ರೈಲ್ವೆಯವರು ಸಂಜೆ ನೆಟ್ಟು ಹೋಗಿದ್ದವನ್ನ ಕಿತ್ಕೊಂಡಿದ್ದೆ. ಬೆಳಿಗ್ಗೆ ತಿರಗಾ ನೆಟ್ಟು ಬಂದೀನಿ. ಪಾಪ, ಆ ಹುಡುಗನ ಗೆರೆ ಸೊಟ್ಟ ಇತ್ತು. ನಾನೇ ನೆಟ್ಟಗೆ ಮಾಡೀನಿ!"

ಮೀನಾಳ ಕೈಯಲ್ಲಿದ್ದ ರೊಟ್ಟಿ ಜಾರಿತು.

"ಸೊಟ್ಟ... ಎಲ್ಲಿ ಸೊಟ್ಟ ಇತ್ತಪ್ಪ?"

"ನಮ್ ದೊಡ್ಡಿ ಹತ್ರ. ದೊಡ್ಡಿ ಬಂದ ಕೂಡ್ಲೇ ಅತ್ತಾಗ ತಿರುಗಿತ್ತು. ಯಾಕೋ ಏನೋ!"

'ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!'

ಅವಳು ಕೈ ಕೂಡ ತೊಳೆಯದೆ ಓಡಿದಳು.

ಹರ್ಷ ಬಂಗಾರಪ್ಪನ ಹೊಲದಲ್ಲಿ ಒಬ್ಬನೇ ಯಂತ್ರ ಹಿಡಿದು, ಗೂಟಗಳನ್ನು ಮತ್ತೆ ಅವುಗಳ ಜಾಗಕ್ಕೆ ನೆಡುತ್ತಿದ್ದ. ಕೆಂಪು ಬಟ್ಟೆಗಳ ಸಾಲು ದೊಡ್ಡಿಯನ್ನು ಬಳಸಿಕೊಂಡು ದೂರ ಸರಿದಿತ್ತು. ಅವಳ ಕಣ್ಣು ತುಂಬಿ ಬಂತು.

"ಅಪ್ಪಂದೇ ಕೆಲಸ ಅಂತ ನಿಮಗೆ ಗೊತ್ತಿತ್ತಾ?"

"ಗೂಟಕ್ಕೆಲ್ಲ ಕುರಿ ಹಿಕ್ಕೆ ಮೆತ್ತಿತ್ತಲ್ಲ! ಇಲ್ಲಿ ಕುರಿ ಸಾಕೋರು ನಿಮ್ಮಪ್ಪಾಜಿ ಒಬ್ರೇ."

"ಮತ್ತೆ ಬೆಳಿಗ್ಗೇನೇ ಹೇಳ್ಬಾರ್ದಿತ್ತೇನ್ರಿ?"

"ಮಾವ ಆಗೋರ ಮೇಲೆ ಚಾಡಿ ಹೇಳಕ್ಕಾಗ್ತದಾ..."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವನ ಕಿವಿ ಗೂಟದ ಬಟ್ಟೆಗಿಂತ ಕೆಂಪಾಯಿತು.

"ಏನಂದ್ರಿ? ಯಾರು ಏನಾಗೋರು?"

"ನಿಮಗೆ ಇಷ್ಟ ಇದ್ರೆ... ಅಂತ." ಅವನು ಸುತ್ತಿಗೆ ಕೆಳಗಿಟ್ಟ. "ಟಗರು ಗುದ್ದಿದ ದಿನದಿಂದ ಹೇಳ್ಬೇಕು ಅನ್ಕೊಂಡಿದ್ದೆ ಮೀನಾ."

ಅವಳು ಅಳುತ್ತಲೇ ನಕ್ಕಳು. "ನನಗೂ ನೀವಂದ್ರೆ ಪ್ರಾಣ ರೀ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು."

"ಇನ್ಮೇಲೆ ಬೈಯಲ್ವಲ್ಲ?"

"ಬೈತೀನಿ. ಮೊದ್ಲು ನಿಮ್ ಮಾತು ಕೇಳಿ, ಆಮೇಲೆ ಬೈತೀನಿ!"

ಕೊನೆಯ ಗೂಟವನ್ನು ಅವಳೇ ಹಿಡಿದಳು, ಅವನು ಹೊಡೆದ. ರಸ್ತೆಯಲ್ಲಿ ಜೀಪು ಹಾರ್ನ್ ಹೊಡೆಯಿತು.

"ನಿಮ್ಮನ್ನೇ ಕರೀತೈತಿ... ಹೋಗಲ್ವಾ?"

"ಹೋಗ್ಲಿ ಬಿಡಿ. ಶಿಕಾರಿಪುರದಿಂದ ಬಸ್ ಹಿಡೀತೀನಿ. ಈಗ ನಿಮ್ಮಪ್ಪಾಜಿ ಹತ್ರ ಮಾತಾಡ್ಬೇಕು."

ಅವನು ಅಂಗಳದ ಕಡೆ ಹೆಜ್ಜೆ ಇಟ್ಟ. ಮೀನಾ ಗಾಬರಿಯಿಂದ ಅವನ ಕೈ ಹಿಡಿದು ನಿಲ್ಲಿಸಿದಳು.

"ತಡೀರಿ... ಮೊದ್ಲು ಟಗರು ಕಟ್ಟಿ ಬರ್ತೀನಿ!"