ಕಮಲಾ ಬಾಗ ಇದ್ದ ಜಾಗ

"ಅಪ್ಪನ ಕೈ ಬಿಡ್ರಿ! ಮೊದಲ ಅವರ ಕೈ ಬಿಡ್ರಿ!"

ನೀಲಗಂಗಾಳ ಕೂಗಿಗೆ ಗೋದಾಮಿನ ಮುಂದೆ ಸಿಮೆಂಟಿನ ಚೀಲ ಇಳಿಸುತ್ತಿದ್ದ ಹಮಾಲರೆಲ್ಲ ತಿರುಗಿ ನೋಡಿದರು.

ಗೇಟಿನ ಪಕ್ಕದ ಕಲ್ಲಿನ ಮೇಲೆ ಅವಳ ಅಪ್ಪ ಸಾತಲಿಂಗಪ್ಪ ಕುಳಿತಿದ್ದರು. ಇಸ್ತ್ರಿ ಮಾಡಿದ ಕೋಟು, ಕರಿ ಟೋಪಿ. ಕಾಲಲ್ಲಿ ಮಾತ್ರ ಬೇರೆ ಬೇರೆ ಜೋಡಿನ ಚಪ್ಪಲಿ. ಅವರೆದುರು ಮಂಡಿಯೂರಿ, ಅವರ ಎರಡೂ ಕೈ ಹಿಡಿದು ಕೂತಿದ್ದವನು...

ಮಲಕಾಜಪ್ಪ!

ಏಳು ವರ್ಷಗಳ ನಂತರ ನೋಡುತ್ತಿದ್ದಳು. ಕೂದಲಲ್ಲಿ, ಹುಬ್ಬಿನಲ್ಲಿ ಸಿಮೆಂಟಿನ ಧೂಳು. ಮೂವತ್ತೆರಡರ ಮನುಷ್ಯ ಐವತ್ತರವನಂತೆ ಕಾಣುತ್ತಿದ್ದ. ಆದರೂ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ದ್ವೇಷಿಸುವ ಮುಖವನ್ನು ಯಾರಾದರೂ ಮರೆಯುತ್ತಾರೆಯೇ?

"ಮಲ್ಲು, ದೋಣಿ ತಯಾರ ಐತೇನಪಾ?" ಅಪ್ಪ ಕೇಳುತ್ತಿದ್ದರು. "ಅಂಬಿ ಹಾದಿ ನೋಡಾಕತ್ಯಾಳ."

"ಐತ್ರಿ ಕಾಕಾ. ಸ್ವಲ್ಪ ಬಿಸಲ ಇಳೀಲಿ."

ನೀಲಾಳ ಮೈ ಉರಿದುಹೋಯಿತು. ಅಂಬಿಯ ಹೆಸರನ್ನು ಇವನ ಮುಂದೆಯೇ ಎತ್ತಬೇಕೇ? ದೋಣಿ ತಯಾರ ಇದೆ ಎನ್ನಲು ಇವನಿಗೆ ನಾಲಿಗೆಯಾದರೂ ಹೇಗೆ ಬಂತು!

"ಏಳಪ್ಪಾ, ಮನಿಗೆ ಹೋಗೋಣು."

"ಇನ್ನೂ ಬಾಗ ನೋಡೇ ಇಲ್ಲಲ್ಲವ್ವಾ..." ಸಾತಲಿಂಗಪ್ಪ ಗೋದಾಮಿನ ತಗಡಿನ ಗೋಡೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಕುದರಿ ಎಲ್ಲಿ ಒಯ್ದಾರ?"

ಅದು ಕಮಲಾ ಬಾಗ ಇದ್ದ ಜಾಗ.

ಸೊಲ್ಲಾಪುರದ ಅಂಚಿಗೆ, ಅಕ್ಕಲಕೋಟೆ ರಸ್ತೆಗೆ ಒತ್ತಿಕೊಂಡು ಒಂದು ಕಾಲಕ್ಕೆ ಇಲ್ಲಿ ಎಂಥ ಸಡಗರವಿತ್ತು! ಮಲಕಾಜಪ್ಪನ ತಂದೆ ಕಟ್ಟಿಸಿದ ಆಟದ ತೋಟ ಅದು. ಕೈಯಿಂದ ತಿರುಗಿಸುವ ಮರದ ಕುದುರೆಗಳು, ಮೇಲೆ ಕೆಳಗೆ ತಿರುಗುವ ಎತ್ತರದ ಪಾಳಣಾ, ಮೂಲೆಯಲ್ಲಿ ಮಂಜುಗಡ್ಡೆ ತುರಿದು ಸಿಹಿರಸ ಸುರಿದು ಕೊಡುವ ನಾಗಣ್ಣನ ಬರ್ಫದ ಗೋಳಾ, ನಡುವೆ ತಾವರೆ ತುಂಬಿದ ಕೆರೆ, ಕೆರೆಯಲ್ಲಿ ಹಸಿರು ಬಣ್ಣದ ದೋಣಿಗಳು. ರವಿವಾರ ಬಂತೆಂದರೆ ಗಿರಣಿಯವರು, ವ್ಯಾಪಾರಸ್ಥರು, ಹೊಸದಾಗಿ ಮದುವೆಯಾದವರು, ಎಲ್ಲರೂ ಅಲ್ಲಿಯೇ.

ಪೇಟೆಯ ಅರಿವೆ ವ್ಯಾಪಾರಿ ಸಾತಲಿಂಗಪ್ಪ ತಾಯಿಯಿಲ್ಲದ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ತಪ್ಪದೆ ಕರೆತರುತ್ತಿದ್ದರು. ಚಿಕ್ಕವಳು ಅಂಬಿಗೆ ದೋಣಿಯ ಹುಚ್ಚು. ದೊಡ್ಡವಳು ನೀಲಾಗೆ... ಕುದುರೆ ತಿರುಗಿಸುವ ಹುಡುಗನ ಹುಚ್ಚು! ಅವಳು ಕೂತಾಗ ಮಲ್ಲು ಎರಡು ಸುತ್ತು ಹೆಚ್ಚಿಗೆ ತಿರುಗಿಸುತ್ತಿದ್ದ. ಬಾಗ ಮುಚ್ಚುವ ಹೊತ್ತಿಗೆ ಗ್ರಾಮೋಫೋನಿನಲ್ಲಿ ಅವಳು ಮೆಚ್ಚಿದ ಹಾಡನ್ನೇ ಹಾಕುತ್ತಿದ್ದ. ಎರಡೂ ಮನೆಯವರಿಗೆ ಇದು ತಿಳಿಯಿತು, ಸಿಟ್ಟಾಗುವ ಬದಲು ನಕ್ಕರು. ಶ್ರಾವಣ ಕಳೆದ ಮೇಲೆ ನಿಶ್ಚಯ ಎಂದು ಮಾತಾಯಿತು.

ಶ್ರಾವಣಕ್ಕೂ ಮೊದಲೇ ಆ ಸಂಜೆ ಬಂತು.

ಜೋರು ಗಾಳಿ. ಕೆರೆಯ ನಡುವೆ ಸಾತಲಿಂಗಪ್ಪ, ಅಂಬಿ ಕೂತಿದ್ದ ದೋಣಿ ಮಗುಚಿತು. ಮಲ್ಲು ಹಾರಿ ಸಾತಲಿಂಗಪ್ಪನವರನ್ನು ಎಳೆದು ತಂದ. ಮತ್ತೆ ಮತ್ತೆ ಮುಳುಗಿದರೂ ಅಂಬಿ ಸಿಗಲಿಲ್ಲ. ಸಿಕ್ಕಾಗ ತಾವರೆಯ ಬಳ್ಳಿ ಅವಳ ಕಾಲಿಗೆ ಸುತ್ತಿಕೊಂಡಿತ್ತು.

"ಇಂಥಾ ಗಾಳ್ಯಾಗ ದೋಣಿ ಕೊಟ್ಟವರ‍್ಯಾರು?" ಎಂದು ಜನ ಕೇಳಿದಾಗ ಮಲ್ಲು ತಲೆ ತಗ್ಗಿಸಿ ಹೇಳಿದ್ದ, "ನಾನ ಕೊಟ್ಟೆ."

ನೀಲಾ ಅವನ ಅಂಗಿ ಹಿಡಿದು ಜಗ್ಗಿ ಅತ್ತಿದ್ದಳು. "ನೀವು ಕೊಲಿಗಾರರು! ನಿಮ್ಮ ಮಾರಿ ನನಗ ಎಂದೂ ತೋರಸಬ್ಯಾಡ್ರಿ!"

ಬಾಗ ಮುಚ್ಚಿತು. ಸಾತಲಿಂಗಪ್ಪ ಯಾಕೋ ದೂರು ಕೊಡಲಿಲ್ಲ. ಅಪ್ಪನದು ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದಳು ನೀಲಾ. ಅವರು ಅಂಗಡಿ ಮಾರಿ, ಅಕ್ಕಲಕೋಟೆಯಲ್ಲಿದ್ದ ಅಕ್ಕ ರತ್ನಾಬಾಯಿಯ ಮನೆ ಸೇರಿದರು. ನೀಲಾ ಅಲ್ಲಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾದಳು. ಬಂದ ವರಗಳನ್ನೆಲ್ಲ ಬೇಡವೆಂದಳು. ಅಪ್ಪನಿಗೆ ಎರಡು ವರ್ಷದಿಂದ ಅರಳುಮರಳು. ದಿನಾ ಸಂಜೆ ಕೋಟು ಹಾಕಿಕೊಂಡು ಕಮಲಾ ಬಾಗಕ್ಕೆ ಹೊರಟು ನಿಲ್ಲುತ್ತಿದ್ದರು.

ಇವತ್ತು ಕಣ್ಣು ತಪ್ಪಿಸಿ ಬಸ್ಸನ್ನೇ ಹತ್ತಿಬಿಟ್ಟಿದ್ದರು. "ನಿಮ್ಮಪ್ಪ ಸೊಲ್ಲಾಪುರದ ಎಸ್ಟಿ ಹತ್ಯಾರ ನೋಡವ್ವಾ," ಎಂದು ಸ್ಟ್ಯಾಂಡಿನ ಎಲೆ ಅಂಗಡಿಯ ಪೀರಪ್ಪ ಹೇಳದಿದ್ದರೆ ಅವಳು ಎಲ್ಲೆಂದು ಹುಡುಕಬೇಕಿತ್ತು?

"ಅಂಬಿಗೆ ಗೋಳಾ ಕೊಡಸಬೇಕು," ಅಪ್ಪ ಹಟ ಹಿಡಿದರು. "ನಾಗಣ್ಣ ಪೇಟ್ಯಾಗ ಸುದ್ದಾ ದುಕಾನ ಹಾಕ್ಯಾನ. ಮಲ್ಲು, ನೀನೂ ನಡಿ."

ಮಲ್ಲುವಿನ ತೋಳನ್ನು ಅವರು ಬಿಡಲೊಲ್ಲರು. ಬಿಡಿಸಲು ಹೋದರೆ ಮಗುವಿನಂತೆ ಚೀರಿದರು. ಬೇರೆ ದಾರಿಯಿಲ್ಲದೆ ಮೂವರೂ ಒಂದೇ ಟಾಂಗಾದಲ್ಲಿ ಪೇಟೆಗೆ ಹೊರಟರು. ದಾರಿಯುದ್ದಕ್ಕೂ ನೀಲಾ ಅವನ ಕಡೆ ನೋಡಲಿಲ್ಲ.

ಗೋಳಾದ ಅಂಗಡಿ ಇದ್ದಲ್ಲಿ ಔಷಧದ ಅಂಗಡಿಯಾಗಿತ್ತು.

"ಒಂದು ಕೆಂಪು ಗೋಳಾ ಕೊಡಪಾ."

ಅಂಗಡಿಯ ಹುಡುಗ ನಕ್ಕ. "ಆಜೋಬಾ, ಇಥೆ ಗೋಳಾ ನಾಹೀ ಮಿಳತ!"

ಗೋಳಾ ಇಲ್ಲಿ ಸಿಗುವುದಿಲ್ಲ ಎಂದು ಕೇಳಿ ಸಾತಲಿಂಗಪ್ಪ ಪೆಚ್ಚಾದರು. "ಹೋಗಲಿ, ಕಾಮಣ್ಣನ ಹಾಡಿನ ದುಕಾನಕ್ಕ ಹೋಗೋಣು."

ಕಾಮಣ್ಣನ ರೆಕಾರ್ಡಿನ ಅಂಗಡಿ! ಹಿತ್ತಾಳೆಯ ಕಹಳೆ ಬೀದಿಗೆ ಮುಖ ಮಾಡಿ ಹಾಡುತ್ತಿತ್ತು. ಬಿಟ್ಟಿ ಹಾಡು ಕೇಳಲು ಕಾಲೇಜಿನ ಹುಡುಗರು ಗರ್ದಿ ಮಾಡುತ್ತಿದ್ದರು. ಮೈಂದರ್ಗಿಯಿಂದ ಸಂತೆಗೆ ಬಂದವರು ಗಂಟು ಕೆಳಗಿಟ್ಟು ಕೇಳಿ ಹೋಗುತ್ತಿದ್ದರು. ಈಗ ಬಾಗಿಲಿಗೆ ತುಕ್ಕು ಹಿಡಿದ ಬೀಗ. ಪಕ್ಕದಲ್ಲಿ ತಾಸಿನ ಲೆಕ್ಕಕ್ಕೆ ಸೈಕಲ್ ಕೊಡುತ್ತಿದ್ದ ಅಂಗಡಿಯೂ ಇಲ್ಲ. ಅಲ್ಲಿಯೇ ಅಲ್ಲವೇ ಅವಳು ಅಂಬಿಗೆ ಸೈಕಲ್ ಕಲಿಸಿದ್ದು? ಅಲ್ಲಿಯೇ ಅಲ್ಲವೇ ಬಿದ್ದು ಮೊಣಕಾಲು ಕೆತ್ತಿಕೊಂಡು ಇಬ್ಬರೂ ಬಿದ್ದುಬಿದ್ದು ನಕ್ಕಿದ್ದು?

ನೀಲಾ ಆ ತುಕ್ಕು ಹಿಡಿದ ಬೀಗವನ್ನು ಮುಟ್ಟಿ ನೋಡಿದಳು. 'ನನ್ನ ಹರೆಯ ಈ ಓಣಿಯಾಗ ಎಲ್ಲಿತ್ತೋ, ಈಗ ಅದಕ್ಕ ಗುರುತೂ ಉಳದಿಲ್ಲ...'

ಕೊನೆಗೆ ಸಾತಲಿಂಗಪ್ಪ ತಮ್ಮ ಸ್ವಂತ ಅಂಗಡಿಯ ಮುಂದೆ ನಿಂತರು. ಅರಿವೆಯ ಗಂಟುಗಳಿದ್ದ ಜಾಗದಲ್ಲಿ ಸ್ಟೀಲಿನ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು. ಗಾದಿಯ ಮೇಲೆ ಯಾರೋ ಗುರುತಿಲ್ಲದವರು.

"ನನ್ನ ದುಕಾನ ಯಾರ ಒಯ್ದಾರ? ಮಲ್ಲು, ಇದು ನಮ್ಮ ಊರ ಅಲ್ಲ... ನನ್ನ ಎಲ್ಲಿ ಕರಕೊಂಡ ಬಂದೀರಿ?"

ಮಲ್ಲು ಅವರನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿದ. ನೀಲಾ ನೀರು ತರಲು ಪಕ್ಕದ ಹೊಟೇಲಿಗೆ ಹೋದಳು. ತಂಬಿಗೆ ಹಿಡಿದು ಬರುವಾಗ ಅಪ್ಪನ ದನಿ ಕೇಳಿಸಿತು.

"ಅಂಬಿ ಭಾಳ ಅತ್ಲಪಾ. ಹುಟ್ಟಿದ ದಿನ ಅಂದ್ಲು. ನೀ ಗಾಳಿ ಐತಿ, ಬ್ಯಾಡ್ರಿ ಕಾಕಾ ಅಂದಿದ್ದಿ. ನೀ ಆ ಕಡೆ ಹೋದಾಗ ನಾನ ಸರಪಳಿ ಬಿಚ್ಚಿದೆ..."

"ಸುಮ್ಮನಿರ್ರಿ ಕಾಕಾ. ಆಗೋದು ಆಗಿ ಹೋತು."

"ನೀಲಾಗ ಹೇಳಬ್ಯಾಡ, ಮಲ್ಲು. ಆಕಿ ನನ್ನ ಬಿಟ್ಟು ಹೋಗ್ತಾಳ. ಹೇಳೂದಿಲ್ಲಂತ ಆಣಿ ಮಾಡಿದ್ದಿ..."

"ಹೇಳಿಲ್ರಿ. ಹೇಳೂದಿಲ್ಲ."

ತಂಬಿಗೆ ಅವಳ ಕೈಯಿಂದ ಜಾರಿತು.

ಮಲ್ಲು ತಿರುಗಿ ನೋಡಿದ. ಅವನ ಮುಖ ಬಿಳಿಚಿಹೋಯಿತು. ಅಪ್ಪ ಮಾತ್ರ ಹರಿಯುವ ನೀರನ್ನು ನೋಡುತ್ತ, "ಯಾರೋ ನೀರ ಚೆಲ್ಯಾರ," ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಬಸ್ಸಿನ ಕಿಡಕಿಯ ಪಕ್ಕ ಕೂರಿಸಿ ನೀಲಾ ಕೆಳಗಿಳಿದಳು. ಬಸ್ಸು ಬಿಡಲು ಇನ್ನೂ ಹೊತ್ತಿತ್ತು.

"ಯಾಕ ಹೇಳಲಿಲ್ಲ?"

"ಅವತ್ತ ನಿನಗ ತಂಗಿ ಹೋಗಿದ್ಲು, ನೀಲಾ. ಅಪ್ಪನೂ ಹೋಗಬೇಕಿತ್ತೇನು?"

"ಅದನ್ನ ತೀರ್ಮಾನ ಮಾಡಾಕ ನೀವು ಯಾರು?" ಅವಳ ದನಿ ಒಡೆಯಿತು. "ನನ್ನ ಬಾಯಿಲೆ ಕೊಲಿಗಾರ ಅನಿಸಿಕೊಂಡು ಸುಮ್ಮನ ನಿಂತ್ರಿ! ನಿಮ್ಮ ಬಾಗ ಹೋತು, ಮನಿತನದ ಹೆಸರ ಹೋತು. ನನ್ನ ಏಳ ವರ್ಷನೂ ಹೋದವು. ನನ್ನ ಒಂದ ಮಾತ ಕೇಳಬೇಕು ಅನಸಲಿಲ್ಲೇನು ನಿಮಗ?"

"ತಪ್ಪಾತು."

"ತಪ್ಪಾತು ಅಂದ್ರ ಮುಗೀತೇನ್ರಿ!"

ಅವಳು ಬಸ್ಸು ಹತ್ತಿದಳು. ಒಂದು ಸಲವೂ ಹೊರಳಿ ನೋಡಲಿಲ್ಲ.

ಅಕ್ಕಲಕೋಟೆಯ ಮನೆಯಲ್ಲಿ ಆಮೇಲಿನ ದಿನಗಳು ಭಾರವಾಗಿ ಕಳೆದವು. ನೀಲಾ ಅಪ್ಪನ ಮುಖ ನೋಡದೆ ತಾಟು ಇಟ್ಟು ಎದ್ದು ಹೋಗುತ್ತಿದ್ದಳು. ರೊಟ್ಟಿಯನ್ನು ಅವರು ಅರ್ಧ ಮುರಿದು ಅಂಬಿಗೆಂದು ಪಕ್ಕಕ್ಕಿಡುವುದನ್ನು ಕಂಡರೆ ಅವಳ ಎದೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಅತ್ತೆಗೆ ಎಲ್ಲ ಹೇಳಿದಳು. ರತ್ನಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬೈಬೇಕಂತ ನನಗೂ ಅನಸ್ತೈತಿ, ನೀಲಾ. ಆದ್ರ ಬೈಸಿಕೊಳ್ಳಾಕ ಅವ ಎಲ್ಲಿ ಅದಾನವ್ವಾ?"

ಅವತ್ತು ಅಪ್ಪ ತಾಟನ್ನು ಮುಟ್ಟಲಿಲ್ಲ. ನೀಲಾ ಎದುರು ಕೂತು ತುತ್ತು ಕಲಸಿ ಹಿಡಿದಳು. ಅವರು ಅವಳನ್ನೇ ದಿಟ್ಟಿಸಿದರು.

"ನೀ ಯಾರವ್ವಾ?"

ಅವಳು ತುತ್ತು ಮುಂದೆ ಚಾಚಿದಳು, ಅವರು ಮುಖ ಹಿಂದಕ್ಕೆಳೆದರು.

"ನಮ್ಮ ನೀಲಾ ನನ್ನ ಬಿಟ್ಟು ಹೋಗ್ಯಾಳೇನು?"

ಅವರ ಕಣ್ಣಲ್ಲಿ ಎಂಥ ಭಯ! ಊರು, ಅಂಗಡಿ, ವರ್ಷಗಳು, ಎಲ್ಲ ಮರೆತಿದ್ದರು. ಈ ಒಂದು ಭಯ ಮಾತ್ರ ಮರೆತಿರಲಿಲ್ಲ. ಏಳು ವರ್ಷ ಇದನ್ನೇ ಹೊತ್ತುಕೊಂಡು, ತನ್ನೆದುರೇ ಉಂಡು ಮಲಗಿದ್ದರಲ್ಲವೇ...

"ಇಲ್ಲಪ್ಪಾ," ಎಂದಳು. ಕಣ್ಣೀರು ತುತ್ತಿನ ಮೇಲೆ ಬಿತ್ತು. "ಎಲ್ಲೂ ಹೋಗಿಲ್ಲ. ಇಲ್ಲೇ ಅದಾಳ. ಉಣ್ಣು."

ಸಿಟ್ಟು ಪೂರ್ತಿ ಹೋಯಿತೇ? ಇಲ್ಲ. ಆದರೆ ಅವತ್ತಿನಿಂದ ಅವರ ತಾಟಿನ ಮುಂದಿನಿಂದ ಎದ್ದು ಹೋಗುವುದನ್ನು ಅವಳು ಬಿಟ್ಟಳು.

ಮುಂದಿನ ರವಿವಾರ ಅಪ್ಪನನ್ನು ಅತ್ತೆಗೆ ಒಪ್ಪಿಸಿ ಅವಳೇ ಸೊಲ್ಲಾಪುರಕ್ಕೆ ಬಂದಳು.

ಗೋದಾಮಿಗೆ ಸೂಟಿ ಇತ್ತು. ಹಿಂದುಗಡೆ, ಕಲ್ಲು ಮಣ್ಣು ಸುರಿದು ತುಂಬಿದ ಕೆರೆಯಲ್ಲಿ ಉಳಿದಿದ್ದ ಒಂದು ಹೊಂಡದ ದಡದಲ್ಲಿ ಮಲ್ಲು ಒಬ್ಬನೇ ನಿಂತಿದ್ದ. ತಾವರೆ ಇರಲಿಲ್ಲ. ಹಸಿರು ಪಾಚಿ, ಒಡೆದ ಬಾಟಲಿಗಳು.

"ಬೇರೆ ಎಲ್ಲೂ ಕೆಲಸ ಸಿಗಲಿಲ್ಲೇನು ನಿಮಗ?" ನೀಲಾ ಹಿಂದಿನಿಂದ ಕೇಳಿದಳು.

ಅವನು ಬೆಚ್ಚಿ ತಿರುಗಿದ. "ಸಿಕ್ಕಿತ್ತು. ಜಾಗ ಕೊಂಡ ಶೇಠ ಇಲ್ಲೇ ಲೆಕ್ಕ ಬರಿಯಾಕ ಕರದ. ಜನ ಏನಂತಾರ ಅನಿಸ್ತು. ಆದ್ರ ಅಂಬಿ ಒಬ್ಬಾಕೀನ ಇಲ್ಲಿ ಬಿಟ್ಟು ಹೆಂಗ ಹೋಗ್ಲಿ?"

ಇಷ್ಟು ವರ್ಷ ಅಂಬಿಗಾಗಿ ಅತ್ತವಳು ತಾನೊಬ್ಬಳೇ ಎಂದು ನೀಲಾ ತಿಳಿದಿದ್ದಳು. ಪಾಚಿಗಟ್ಟಿದ ನೀರಿನೆದುರು ನಿಂತು ಮೊದಲ ಸಲ ಇನ್ನೊಬ್ಬರ ಪಕ್ಕದಲ್ಲಿ ಅತ್ತಳು. ಮಲ್ಲು ಅವಳನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನ ಗಲ್ಲವೂ ಒದ್ದೆಯಾಗಿತ್ತು.

"ನಿಮ್ಮ ಮ್ಯಾಲಿನ ಸಿಟ್ಟ ಇನ್ನೂ ಹೋಗಿಲ್ಲ," ಎಂದಳು ಕಣ್ಣೊರೆಸಿಕೊಂಡು.

"ಇರಲಿ."

"ನಾ ಅಂದ ಮಾತು... ಕೊಲಿಗಾರ ಅಂದದ್ದು... ಅದನ್ನ ಹೊಳ್ಳಿ ತಗೊಳ್ಳಾಕ ಬರೂದಿಲ್ಲಲ್ಲ?"

"ಅವತ್ತ ಅದು ನಿನ್ನ ಸಂಕಟ, ನೀಲಾ. ನನಗ ಬೇಕಾಗಿದ್ದು ಅದರ ಹಿಂದಿನ ನೀನು. ಇವತ್ತಿಗೂ ಅಷ್ಟ."

ಅವಳು ತಲೆ ಎತ್ತಿದಳು. "ನಾ ಮೊದಲಿನ ನೀಲಾ ಅಲ್ಲ. ನಗೂದ ಕಮ್ಮಿ ಆಗೈತಿ. ಅಪ್ಪನ್ನ ಬಿಟ್ಟು ಎಲ್ಲೂ ಬರಾಕ ಆಗೂದಿಲ್ಲ. ಅವರು ದಿನಾ ದೋಣಿ ಕೇಳ್ತಾರ."

"ದಿನಾ ಬಿಸಲ ಇಳೀಲಿ ಅಂತ ಹೇಳ್ತೀನಿ."

"ಅಪ್ಪಗ ಹೇಳ್ರಿ. ನನಗ ಮಾತ್ರ ಇನ್ನ ಮ್ಯಾಲ ಒಂದೂ ಸುಳ್ಳ ಬ್ಯಾಡ. ನನ್ನ ಒಳ್ಳೇದಕ್ಕ ಅಂತ ಸುದ್ದಾ ಬ್ಯಾಡ."

"ಇಲ್ಲ."

"ನನ್ನ ಮ್ಯಾಲ ಜೀವ ಇತ್ತಂದ್ರ, ಏಳ ವರ್ಷದಾಗ ಒಂದ ಸಲನಾದ್ರೂ ಅಕ್ಕಲಕೋಟಿಗೆ ಯಾಕ ಬರಲಿಲ್ಲ?"

ಮಲ್ಲು ನೆಲ ನೋಡಿದ.

"ಖರೇ ಹೇಳಲಿ? ಎಷ್ಟೋ ಸಲ ಬಸ್ ಹತ್ತೀನಿ. ಟಿಕೀಟ ಅಕ್ಕಲಕೋಟಿದ ತಗೀತಿದ್ದೆ. ಹಾದ್ಯಾಗಿನ ಕುಂಭಾರಿ ಬಂದ ಕೂಡ್ಲೆ ನನ್ನ ಮಾರಿ ನೋಡಿ ನೀ ಹೆಂಗ ಅಳ್ತಿ ಅಂತ ಅನಿಸಿ... ಇಳದು ಹೊಳ್ಳಿ ನಡಕೋತ ಬರ್ತಿದ್ದೆ."

ನೀಲಾ ಅವನ ತೋಳಿಗೆ ಹತ್ತಿದ್ದ ಸಿಮೆಂಟಿನ ಧೂಳನ್ನು ಮೆಲ್ಲಗೆ ಒರೆಸಿದಳು. ಹಾಗೆಯೇ ಆ ತೋಳನ್ನು ಹಿಡಿದುಕೊಂಡಳು.

"ನಡೀರಿ, ಐದರ ಎಸ್ಟಿ ತಪ್ಪತೈತಿ."

"ನಾನೂ?"

"ಹೂಂ, ನೀವೂ. ಇವತ್ತ ಕುಂಭಾರ‍್ಯಾಗ ಇಳೀಬ್ಯಾಡ್ರಿ."