ಹಡಗಿನ ಟಿಕೆಟ್ಟಿನಲ್ಲಿ ಎರಡನೇ ಹೆಸರು

"ಇದನ್ನ ನಾನು ಬುಕ್ ಮಾಡಲ್ಲ."

ಕಡ್ಡಿ ಮುರಿದ ಹಾಗೆ ಹೇಳಿ, ಅವನು ಕೊಟ್ಟ ಚೀಟಿಯನ್ನು ಅವಳು ಅವನ ಕಡೆಗೇ ತಳ್ಳಿದಳು.

ಅವನು ದಂಗಾಗಿ ನಿಂತ. ಎದುರು ಸಾಲಿನ ಕನ್ನಡಕದ ಅಂಗಡಿಯವನು. ಮೂರು ವರ್ಷದಿಂದ ರಸ್ತೆಯ ಆ ಬದಿಯಲ್ಲಿ ಅವನು, ಈ ಬದಿಯ ಟ್ರಾವೆಲ್ ಆಫೀಸಿನಲ್ಲಿ ಅವಳು. ಒಂದು ದಿನವೂ ಮಾತಾಡಿದ್ದಿಲ್ಲ. ಇವತ್ತು ಮೊದಲ ಮಾತೇ ಇದು!

"ಯಾಕೆ ಮಾಡಲ್ಲ?"

"ನಿಮ್ಮ ವಿಮಾನ ಇಳಿಯೋದು ಒಂದು ನಲವತ್ತಕ್ಕೆ. ಹಡಗು ಹೊರಡೋದು ಐದಕ್ಕೆ."

"ಮೂರು ಗಂಟೆ ಮೇಲೆ ಸಮಯ ಇದೆಯಲ್ಲ ಮೇಡಂ."

"ಮೂರೂವರೆಗೆ ಹಡಗಿನ ಗೇಟು ಮುಚ್ತಾರೆ. ಬ್ಯಾಗು ಕೈಗೆ ಸಿಕ್ಕಿ ನೀವು ಹೊರಗೆ ಬರೋ ಹೊತ್ತಿಗೆ ಎರಡೂ ಮುಕ್ಕಾಲು. ಬಂದರಿಗೆ ಆ ಊರಿನ ಹೆಸರಿದೆ ಅಷ್ಟೇ, ಇರೋದು ಊರಿಂದ ಎಪ್ಪತ್ತು ಕಿಲೋಮೀಟರ್ ಆಚೆ. ನೀವು ತಲುಪಿದಾಗ ಹಡಗು ಅಲ್ಲೇ ನಿಂತಿರುತ್ತೆ, ಕಣ್ಣಿಗೆ ಕಾಣ್ತಿರುತ್ತೆ. ಆದ್ರೆ ಹತ್ತೋಕೆ ಬಿಡಲ್ಲ."

"ಕೂಗಿ ಹೇಳಿದ್ರೆ..."

"ಕೂಗಿದ್ರೆ ನಿಲ್ಲಿಸೋಕೆ ಅಲ್ಲಿ ಕಂಡಕ್ಟರ್ ಇರಲ್ಲ. ಒಂದು ದಿನ ಮುಂಚೆ ಹೋಗಿ. ಹಾಗಾದ್ರೆ ಮಾತ್ರ ನಾನು ಮಾಡ್ತೀನಿ."

ಪಕ್ಕದ ಮೇಜಿನಲ್ಲಿದ್ದ ದೊಡ್ಡಪ್ಪ ತಲೆ ಎತ್ತಲಿಲ್ಲ. ಆಫೀಸು ಅವರದು, ಆದರೆ ವಿಮಾನಕ್ಕೂ ಹಡಗಿಗೂ ಗಂಟು ಹಾಕುವ ಕೆಲಸ ತಮ್ಮನ ಮಗಳಾದ ಅವಳದು. ಅವಳ ಮೂಗಿನ ತುದಿಯಲ್ಲಿರುವ ಸಿಟ್ಟಿನಿಂದ ವರ್ಷಕ್ಕೆ ನಾಲ್ಕು ಗಿರಾಕಿಗಳು ಓಡಿಹೋಗುತ್ತಿದ್ದರು. ಹಡಗು ತಪ್ಪಿಸಿಕೊಂಡವರು ಮಾತ್ರ ಇದುವರೆಗೆ ಒಬ್ಬರೂ ಇರಲಿಲ್ಲ.

ಇವನೂ ಓಡುತ್ತಾನೆ ಅಂದುಕೊಂಡಳು. ಅವನು ಕುರ್ಚಿ ಎಳೆದುಕೊಂಡು ಕೂತ.

"ಸರಿ, ಒಂದು ದಿನ ಮುಂಚೆ. ಆ ಎಪ್ಪತ್ತು ಕಿಲೋಮೀಟರ್ ಹೇಗೆ ಹೋಗ್ತಾರೆ?"

ಹೇಳಿದಳು. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದ. ಇಷ್ಟು ಶ್ರದ್ಧೆಯಿಂದ ಅವಳ ಮಾತು ಕೇಳಿದವರು ಯಾರೂ ಇರಲಿಲ್ಲ ಅನ್ನುವುದು ಅವಳಿಗೆ ಆಮೇಲೆ ಹೊಳೆಯಿತು, ಮನೆಗೆ ಹೋಗಿ ಚಪ್ಪಲಿ ಬಿಡುವಾಗ.

ಹಡಗಿನ ಕೋಣೆ ಇಬ್ಬರಿಗೆ ಬೇಕಿತ್ತು. ಫಾರಂನಲ್ಲಿ ಮೊದಲ ಹೆಸರು ಅವನದು. ಎರಡನೆಯದರ ಮುಂದೆ ಪೆನ್ನು ನಿಂತಿತು.

"ಹೆಸರು?"

"ಆಮೇಲೆ ಹೇಳಲಾ? ಅವರು ಇನ್ನೂ ಒಪ್ಪಿಲ್ಲ."

"ಗಂಡಸಾ, ಹೆಂಗಸಾ? ಅದನ್ನಾದರೂ ಬರೀಬೇಕು."

"ಹೆಂಗಸು," ಎಂದ. ಎಂದು ಸ್ವಲ್ಪ ನಕ್ಕ.

ಅವಳಿಗೆ ಯಾಕೋ ಆ ನಗು ಹಿಡಿಸಲಿಲ್ಲ. "ಹಡಗಿನವರು ಹೆಸರಿಗೆ ಕಾಯ್ತಾರೆ. ವಿಮಾನದವರು ಕಾಯಲ್ಲ. ಹೆಸರು ಸಿಗೋವರೆಗೆ ನಾನು ವಿಮಾನದ ಟಿಕೆಟ್ ತೆಗೆಯಲ್ಲ," ಎಂದು ಹಾಳೆಯೊಂದರಲ್ಲಿ ಎಲ್ಲ ವಿವರ ಮುದ್ರಿಸಿ ಕೊಟ್ಟಳು.

ಮಾರನೆಯ ದಿನ ಅವನು ಮತ್ತೆ ಬಂದ. ಒಂದು ಪ್ರಶ್ನೆ.

"ನಡುವಿನ ಊರಲ್ಲಿ ವಿಮಾನ ಬದಲಾಯಿಸುವಾಗ ಬ್ಯಾಗು ನಾವೇ ಎತ್ಕೊಂಡು ಹೋಗಬೇಕಾ?"

"ಒಂದೇ ಟಿಕೆಟ್ಟಿನಲ್ಲಿದ್ರೆ ಬೇಡ. ಅದೇ ಹೋಗುತ್ತೆ."

ಅದರ ಮಾರನೆಯ ದಿನ ಇನ್ನೊಂದು. "ಮೊದಲ ವಿಮಾನವೇ ತಡ ಆದ್ರೆ?" ಆಮೇಲೆ, "ಹಡಗು ಒಂದು ಬಂದರಿಗೆ ಹೋಗದೇ ಮುಂದೆ ಹೋದ್ರೆ?" ಆಮೇಲೆ, "ಕೋಣೆಯ ಕಿಟಕಿ ಎಷ್ಟು ದೊಡ್ಡದು? ಮಂಚದ ಮೇಲಿಂದ ನೀರು ಕಾಣ್ಬೇಕು. ಅವರಿಗೆ ಅದು ಮುಖ್ಯ."

ಅವರಿಗೆ... ಅವರಿಗೆ... ಯಾರಪ್ಪಾ ಈ ಮಹಾರಾಣಿ?

ಮಧ್ಯಾಹ್ನ ಮೂರಾದರೆ ಸಾಕು, ಅವಳ ಕಣ್ಣು ತಾನಾಗಿ ರಸ್ತೆಯ ಆಚೆ ಹೋಗುತ್ತಿತ್ತು. ಅವನು ಅಂಗಿ ಜೇಬಿಗೆ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ದಾಟಿ ಬರುತ್ತಿದ್ದ. ಬರದ ದಿನ ಅವಳು ಪ್ರಿಂಟರಿಗೆ ಎರಡು ಏಟು ಹೆಚ್ಚು ಹಾಕುತ್ತಿದ್ದಳು. ಪ್ರೀತಿ ಅನ್ನಬೇಕೇ ಇದನ್ನು? ಅವಳಂತೂ ಅನ್ನಲಿಲ್ಲ. ಕುತೂಹಲ ಅಂದುಕೊಂಡಳು. ಹಾಗೆ ಅಂದುಕೊಳ್ಳುವವರನ್ನು ನೀವೂ ನೋಡಿರುತ್ತೀರಿ.

ಐದನೆಯ ವಾರ ಹಡಗಿನ ಕಂಪನಿಯಿಂದ ಪತ್ರ ಬಂತು. ಬಂದರಿನ ಕಟ್ಟೆ ರಿಪೇರಿಯಂತೆ. ಹಡಗು ಹೊರಡುವುದು ಅಲ್ಲಿಂದಲ್ಲ, ಕೊಲ್ಲಿಯ ಆಚೆ ಬದಿಯ ಇನ್ನೊಂದು ಊರಿನಿಂದ. ದಿನ ಅದೇ, ಸಮಯ ಅದೇ. ವಿಮಾನ ನಿಲ್ದಾಣ ಬೇರೆ.

ಹಾಕಿದ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಆ ಹಡಗಿನ ಜನರೆಲ್ಲ ಹೊಸ ಊರಿನ ವಿಮಾನದ ಸೀಟುಗಳಿಗೆ ಮುಗಿಬಿದ್ದಿದ್ದರು. ಅವಳು ಬೆಳಿಗ್ಗೆಯಿಂದ ಕೂತು ಹೊಸ ದಾರಿ ಹುಡುಕಿದಳು. ಎರಡು ಸೀಟು ಉಳಿದಿದ್ದವು. ಸಂಜೆಯೊಳಗೆ ಹೆಸರು ಕೊಡಬೇಕು.

ತಾನೇ ರಸ್ತೆ ದಾಟಿ ಹೋದಳು. ಅವನು ಯಾರದೋ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದ.

"ಬಂದರು ಬದಲಾಯ್ತು. ಇವತ್ತು ಸಂಜೆ ಆರರೊಳಗೆ ಎರಡನೇ ಹೆಸರು ಬೇಕು. ಇಲ್ಲಾಂದ್ರೆ ನೀವೊಬ್ಬರೇ ಹೋಗಬೇಕು."

ಅವನು ಕಡ್ಡಿ ಕೆಳಗಿಟ್ಟ. "ಒಬ್ಬನೇ ಹೋಗೋದಾದ್ರೆ ಹೋಗೋದೇ ಬೇಡ. ಇದೆಲ್ಲಾ ಅವರಿಗೋಸ್ಕರ ಮಾಡ್ತಿರೋದು."

ಅವಳು ತಿರುಗಿ ರಸ್ತೆಗೆ ಇಳಿದಳು. ಅಷ್ಟೊಂದಾ?

ಆರಕ್ಕೆ ಹತ್ತು ನಿಮಿಷವಿದ್ದಾಗ ಅವನು ಓಡುತ್ತಾ ಬಂದ. ಕೈಯಲ್ಲಿ ಎರಡು ಪಾಸ್‌ಪೋರ್ಟು, ಮುಖದ ತುಂಬಾ ನಗು.

"ಒಪ್ಪಿದ್ರು! ಕೊನೆಗೂ ಒಪ್ಪಿಬಿಟ್ರು ಮೇಡಂ!"

ಅವಳು ಕೈ ಚಾಚಲಿಲ್ಲ. ಚಾಚಿದರೆ ಹೆಸರು ಓದಬೇಕಾಗುತ್ತದೆ, ಫೋಟೋ ನೋಡಬೇಕಾಗುತ್ತದೆ. ಹನ್ನೊಂದು ವರ್ಷದ ಕೆಲಸದಲ್ಲಿ ಒಂದು ಪಾಸ್‌ಪೋರ್ಟನ್ನೂ ನೋಡದೆ ಬಿಟ್ಟವಳಲ್ಲ. ಇದನ್ನು ಬಿಟ್ಟಳು.

"ದೊಡ್ಡಪ್ಪನ ಹತ್ರ ಕೊಡಿ. ಅವರೇ ತುಂಬ್ತಾರೆ."

"ಸರಿ... ಆದ್ರೆ ನಿಮ್ಮ ಹತ್ರ ಇನ್ನೊಂದು ವಿಷಯ ಕೇಳೋದಿತ್ತು. ಅವರು ಒಂದು ಷರತ್ತು ಹಾಕಿದ್ದಾರೆ, ಅದಕ್ಕೆ..."

"ಕೇಳಿದ್ದು ಸಾಕು. ಎಲ್ಲಾ ಹಾಳೇಲಿ ಬರೆದಿರುತ್ತೆ. ಓದ್ಕೊಳ್ಳಿ."

ಅವನ ನಗು ಅಲ್ಲೇ ನಿಂತಿತು. ಒಂದು ಕ್ಷಣ ಅವಳನ್ನೇ ನೋಡಿದ. "ತೊಂದರೆ ಕೊಟ್ಟೆ. ಕ್ಷಮಿಸಿ," ಎಂದು ಮೆಲ್ಲಗೆ ಹೇಳಿ ದೊಡ್ಡಪ್ಪನ ಮೇಜಿಗೆ ಹೋದ.

ಅವಳು ಒಳಗಿನ ಕೋಣೆಗೆ ಹೋಗಿ ಬೀರು ತೆರೆದು ಸುಮ್ಮನೆ ನಿಂತಳು. ಬೀರುವಿನಲ್ಲಿ ಅವಳಿಗೆ ಬೇಕಾದದ್ದು ಏನೂ ಇರಲಿಲ್ಲ. ಕಣ್ಣು ಒರೆಸಿಕೊಂಡು ಹೊರಗೆ ಬಂದಾಗ ಅವನು ಹೋಗಿಯಾಗಿತ್ತು.

ಅಂದಿನಿಂದ ಅವನು ರಸ್ತೆ ದಾಟಲಿಲ್ಲ. ಅವಳೂ ಆ ಫೈಲು ತೆರೆಯಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾ ಅಂದರೆ ಬರುತ್ತದೆಯೇ? ಒಂದು ಸಲ ಹೋಗಿ ಸಾರಿ ಅಂದುಬಿಡಲಾ... ಬೇಡ. ಆ ಹೆಂಗಸು ಅಲ್ಲೇ ಕೂತಿದ್ದರೆ?

ಅವರು ಹೊರಡುವ ದಿನ ಬಂತು. ಬೆಳಿಗ್ಗೆ ಆರರ ವಿಮಾನ. ನಡುವಿನ ಊರಿನಲ್ಲಿ ಇಳಿದು, ಹನ್ನೊಂದಕ್ಕೆ ಎರಡನೆಯದು. ಹಡಗು ಮರುದಿನ ಸಂಜೆ ಐದಕ್ಕೆ. ಎಲ್ಲ ಸರಿಯಾಗಿತ್ತು. ಒಂಬತ್ತೂವರೆಗೆ ಅವಳ ಫೋನು ಹೊಡೆದುಕೊಂಡಿತು.

"ಮೇಡಂ... ನಾನು." ಕನ್ನಡಕದ ಅಂಗಡಿಯವನ ದನಿ. "ನಮ್ಮ ಟಿಕೆಟ್ ರದ್ದಾಗಿದೆ ಅಂತಿದ್ದಾರೆ. ಎರಡೂ ಹೆಸರು ಇಲ್ವಂತೆ."

"ಹೇಗೆ ಸಾಧ್ಯ? ನೀವು ಆರರ ವಿಮಾನದಲ್ಲಿ ಹೋದ್ರಲ್ಲ?"

"ಇಲ್ಲ. ನಾವು ಎರಡು ದಿನ ಮುಂಚೆಯೇ ರೈಲಲ್ಲಿ ಈ ಊರಿಗೆ ಬಂದ್ವಿ. ಇಲ್ಲಿಂದ ಎರಡನೇ ವಿಮಾನ ಹತ್ತೋಣ ಅಂತ. ಮುಂದಿನ ಸ್ಟಾಪಲ್ಲಿ ಹತ್ತಿದ್ರೆ ಬಸ್ಸಲ್ಲಿ ಯಾರೂ ಏನೂ ಅನ್ನಲ್ಲವಲ್ಲ..."

ಅವಳು ಕೂತಲ್ಲಿಂದ ಎದ್ದಳು.

ಒಂದೇ ಟಿಕೆಟ್ಟಿನಲ್ಲಿ ಮೊದಲ ವಿಮಾನ ಹತ್ತದಿದ್ದರೆ ಮುಂದಿನದೆಲ್ಲ ತಾನಾಗಿ ರದ್ದಾಗುತ್ತದೆ. ಈ ಕೆಲಸದವರಿಗೆ ಅದು ಎಷ್ಟು ಗೊತ್ತು ಎಂದರೆ, ಹಾಳೆಯಲ್ಲಿ ಬರೆಯಬೇಕೆಂದೇ ತೋಚುವುದಿಲ್ಲ. ಅವಳೂ ಬರೆದಿರಲಿಲ್ಲ. ಅವನು ಕೇಳಿದ್ದರೆ ಹೇಳುತ್ತಿದ್ದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳೋಕೆ ಬಂದಿದ್ದೆ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಅವರ ತಂಗಿ ಈ ಊರಲ್ಲಿದ್ದಾರೆ. ಎರಡು ದಿನ ಅಲ್ಲಿ ಇರೋಕೆ ಬಿಟ್ರೆ ಮಾತ್ರ ಬರ್ತೀನಿ ಅನ್ನೋದೇ ಷರತ್ತು."

"ಅಲ್ಲೇ ಇರಿ. ಕೌಂಟರ್ ಬಿಟ್ಟು ಕದಲಬೇಡಿ."

ಅವಳು ಫೈಲು ತೆರೆದಳು. ಎರಡನೇ ಪಾಸ್‌ಪೋರ್ಟು. ಹುಟ್ಟಿದ ವರ್ಷ ನೋಡಿದಳು, ಬೆರಳು ಮಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಎಪ್ಪತ್ತನಾಲ್ಕು. ಪಕ್ಕದಲ್ಲಿ ದೊಡ್ಡಪ್ಪನ ಕೋಳಿಕಾಲಿನ ಅಕ್ಷರ: ಸೋದರತ್ತೆ, ನಿವೃತ್ತ ಭೂಗೋಳದ ಟೀಚರ್.

"ದೊಡ್ಡಪ್ಪಾ... ಇವರು ಮುದುಕಿ ಅಂತ ನೀವು ಹೇಳಲೇ ಇಲ್ಲ."

"ನೀನು ಕೇಳಲೇ ಇಲ್ಲ. ಮುದುಕಿ ಅಲ್ದೆ ಹದಿನೆಂಟರ ಹುಡುಗೀನಾ ಅಂದುಕೊಂಡಿದ್ದೆ?" ಎಂದವರು ಅವಳ ಮುಖ ನೋಡಿದರು. ಆಮೇಲೆ ಎದ್ದು ಇನ್ನೊಂದು ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ಯಾರಿಗೆ ಮಾಡ್ಲಿ ಹೇಳು, ಪುಟ್ಟಿ."

ಅವನ, ಅತ್ತೆಯ ಸೀಟುಗಳು ಬೇರೆಯವರಿಗೆ ಹೋಗಿದ್ದವು. ಬಂದರಿನ ಊರಿಗೆ ಅಂದೂ ಮರುದಿನವೂ ಒಂದು ವಿಮಾನದಲ್ಲೂ ಜಾಗವಿಲ್ಲ. ಅವಳು ನಕ್ಷೆ ಹರಡಿದಳು. ಬಂದರಿನಿಂದ ರೈಲಿನಲ್ಲಿ ಎರಡು ಗಂಟೆ ದೂರದಲ್ಲಿ ಇನ್ನೊಂದು ಊರು. ಅಲ್ಲಿಗೆ ಮಧ್ಯಾಹ್ನ ನಾಲ್ಕಕ್ಕೆ ವಿಮಾನ. ಎರಡು ಸೀಟು... ಇವೆ. ಬೆಳಿಗ್ಗೆ ಎಂಟರ ರೈಲು, ಹತ್ತಕ್ಕೆ ಬಂದರು. ಒಂದು ದಿನ ಮುಂಚೆ ಹೊರಡಿಸಿದ್ದರಿಂದ ಉಳಿಯಿತು, ಇಲ್ಲವಾದರೆ ಕಥೆ ಮುಗಿದಿತ್ತು. ಸ್ಟೇಷನ್ನಿನ ಎದುರಿನ ಹೋಟೆಲಿಗೆ, ಗಾಲಿಕುರ್ಚಿಗೆ, ಹಡಗಿನ ಕಂಪನಿಗೆ, ಎಲ್ಲ ಕಡೆಗೂ ತಾನೇ ಫೋನು ಮಾಡಿದಳು. ಹನ್ನೊಂದೂ ಕಾಲಿಗೆ ಅವನಿಗೆ.

"ಆಯ್ತು. ನಾಳೆ ಹತ್ತು ಗಂಟೆಗೆ ನೀವು ಹಡಗಿನ ಮುಂದೆ ಇರ್ತೀರಿ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ತಪ್ಪು ನನ್ನದೇ ಮೇಡಂ."

"ಅಲ್ಲ. ತಪ್ಪು ನನ್ನದು." ದೊಡ್ಡಪ್ಪ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಿತ್ತು. ಕೇಳಲಿ. "ನಾನು ಆ ಪಾಸ್‌ಪೋರ್ಟ್ ತೆರೆದು ನೋಡ್ಲಿಲ್ಲ. ನಿಮ್ಮ ಜೊತೆ ಹೋಗೋ ಹುಡುಗಿ ಹೆಸರು ಓದೋಕೆ ನನಗೆ ಆಗಲ್ಲ ಅನ್ನಿಸ್ತು. ಹೊಟ್ಟೆಕಿಚ್ಚು. ಅದಕ್ಕೇ ಅವತ್ತು ಹಾಗೆ ಮಾತಾಡಿದೆ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹಲೋ?"

"ಇದ್ದೀನಿ," ಎಂದ. "ನೀವು ಮೊದಲ ದಿನ ಕೊಟ್ಟ ಹಾಳೆ ನಾನು ಅವತ್ತೇ ಪೂರ್ತಿ ಓದಿದ್ದೆ. ಆಮೇಲೆ ಬಂದು ಕೇಳಿದ್ದೆಲ್ಲ ಅದರಲ್ಲೇ ಇತ್ತು. ನಿಮ್ಮ ಬಾಯಿಂದ ಕೇಳೋಕೆ ಬರ್ತಿದ್ದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು. ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವಂಥ ದನಿ.

"ಮಗೂ, ನಾನು ಇವನ ಅತ್ತೆ. ಮೂವತ್ತೊಂದು ವರ್ಷ ಸಮುದ್ರದ ಪಾಠ ಮಾಡಿದ್ದೀನಿ, ಒಂದು ಸಲಾನೂ ಕಣ್ಣಲ್ಲಿ ನೋಡಿಲ್ಲ. ನಿನ್ನಿಂದ ನೋಡೋ ಹಾಗಾಯ್ತು. ಅಳಬೇಡ, ಊಟ ಮಾಡು."

ಮರುದಿನ ನಾಲ್ಕಕ್ಕೆ ಒಂದು ಫೋಟೋ ಬಂತು. ದೊಡ್ಡ ಕಿಟಕಿ, ತುಂಬಾ ನೀರು, ಬೆನ್ನು ತಿರುಗಿಸಿ ನಿಂತ ಅತ್ತೆ. ಕೆಳಗೆ ಒಂದು ಸಾಲು: ಒಂದು ಗಂಟೆಯಿಂದ ಹೀಗೇ ನಿಂತಿದ್ದಾರೆ, ನನ್ನ ಜೊತೆ ಮಾತೇ ಆಡ್ತಿಲ್ಲ.

ಹದಿನಾಲ್ಕು ದಿನ ಕಳೆಯಿತು ಅಂತ ಒಂದೇ ಸಾಲಿನಲ್ಲಿ ಹೇಳುವುದು ನನಗೆ ಸುಲಭ. ಅವಳಿಗೆ ಸುಲಭವಾಗಲಿಲ್ಲ.

ಅವರು ಇಳಿಯುವ ಮಧ್ಯಾಹ್ನ ವಿಮಾನ ನಿಲ್ದಾಣದ ಕಂಬಿಯ ಈಚೆ ಅವಳು ನಿಂತಿದ್ದಳು. ಗಿರಾಕಿಗಳನ್ನು ಕರೆದುಕೊಳ್ಳಲು ಅವಳು ಹಿಂದೆಂದೂ ಬಂದವಳಲ್ಲ. ಬಾಗಿಲು ಸರಿಯಿತು. ಗಾಲಿಕುರ್ಚಿಯನ್ನು ಖಾಲಿಯಾಗಿ ಮುಂದೆ ಬಿಟ್ಟು, ಅತ್ತೆ ತಾವೇ ನಡೆದು ಬಂದರು. ಹಿಂದೆ ಬಿಸಿಲಿಗೆ ಕಪ್ಪಾದ ಅವನು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇವಳೇನಾ? ಸರಿ. ನಾನು ಅಲ್ಲಿ ಕೂತಿರ್ತೀನಿ. ಬೇಗ ಮಾತಾಡಿ ಮುಗಿಸಿ, ಕಾಲು ನೋಯ್ತಿದೆ."

ಇಬ್ಬರೇ ಉಳಿದರು. ಜನ ಗಾಡಿ ತಳ್ಳಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದರು.

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ," ಎಂದ ಅವನು. "ಫೋನಲ್ಲಿ ಹೇಳೋಕೆ ಮನಸ್ಸಾಗಲಿಲ್ಲ."

"ನನಗೂ." ಅವಳ ದನಿ ಸಣ್ಣದಾಯಿತು. "ಆದ್ರೆ ನನಗೆ ಭಯ. ಕೇಳದೇ, ನೋಡದೇ ನಾನೇ ಎಲ್ಲಾ ತೀರ್ಮಾನ ಮಾಡಿ ಬಾಗಿಲು ಹಾಕ್ಕೊಂಡುಬಿಟ್ಟೆ. ಮುಂದೆಯೂ ಹಾಗೇ ಮಾಡಿಬಿಟ್ರೆ?"

"ಮಾಡ್ತೀರಿ. ನಿಮ್ಮ ಸಿಟ್ಟು ನಾನು ನೋಡಿದ್ದೀನಲ್ಲ." ಅವನು ಅವಳ ಕೈ ಹಿಡಿದುಕೊಂಡ. "ಆದ್ರೆ ಇನ್ನೊಂದು ಸಲ ನಾನು ಸುಮ್ಮನೆ ವಾಪಸ್ ಹೋಗಲ್ಲ. ಬಾಗಿಲ ಹೊರಗೇ ಕೂತಿರ್ತೀನಿ. ಊಟದ ಹೊತ್ತಿಗೆ ಮಾತ್ರ ತೆಗೀಬೇಕು."

"ತೆಗೀತೀನಿ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ. "ಅದಕ್ಕಿಂತ ಮುಂಚೆಯೇ ತೆಗೀತೀನಿ."